ಅಪ್‌ಡೇಟ್: ಟ್ರೆಕ್ಕಿಂಗ್ ಸಾಮಾನು ದೊಡ್ಡ ಮಳಿಗೆಯಲ್ಲೋ, ಚಿಕ್ಕ ಅಂಗಡಿಯಲ್ಲೋ?

ಕುಮಾರ ಪರ್ವತ ಹತ್ತಲು ಶೂ, ಬ್ಯಾಗು ಎಲ್ಲಿ ಕೊಳ್ಳಲಿ ಎಂದು ಕೇಳಿದ್ದೆನಲ್ಲ, ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಎರಡೂ ಕಡೆ ಕೊಂಡೆ.

ರೇನ್‌ಕೋಟು, ಹೆಡ್‌ಲ್ಯಾಂಪು, ಬೇಗ ಒಣಗುವ ಟೀ ಶರ್ಟು ದೊಡ್ಡ ಮಳಿಗೆಯಲ್ಲಿ ಸಿಕ್ಕವು. ಬೆಲೆ ಕಮ್ಮಿ, ವಾಪಸ್ ಕೊಡುವುದೂ ಸುಲಭ. ಇವಕ್ಕೆ ಯಾರ ಸಲಹೆಯೂ ಬೇಕಿಲ್ಲ.

ಶೂ, ಬ್ಯಾಗು ಮಾತ್ರ ಬೆಂಗಳೂರಿನ ಒಂದು ಚಿಕ್ಕ ಅಂಗಡಿಯಲ್ಲಿ. "ಸಂಜೆ ಬನ್ನಿ, ಆಗ ಪಾದ ಸ್ವಲ್ಪ ಊದಿರುತ್ತೆ. ಟ್ರೆಕ್ಕಿಗೆ ಹಾಕುವ ಸಾಕ್ಸೇ ತನ್ನಿ" ಎಂದರು ಅಂಗಡಿಯವರು. ಲೇಸ್ ಬಿಗಿದು, ಇಳಿಜಾರು ಹಲಗೆಯ ಮೇಲೆ ನಡೆಸಿದರು. ಹೆಬ್ಬೆರಳು ಮುಂದಕ್ಕೆ ತಾಗಿತು. ಅರ್ಧ ಸೈಜು ದೊಡ್ಡದು ಕೊಟ್ಟರು. 1,712 ಮೀಟರ್ ಎತ್ತರದಿಂದ ಸುಬ್ರಹ್ಮಣ್ಯದವರೆಗೆ ಇಳಿಯುವಾಗ ಉಗುರಿಗೆ ಪೆಟ್ಟು ಬೀಳುವುದು ಬೆರಳು ಹೀಗೆ ಮುಂದಕ್ಕೆ ತಾಗಿಯೇ ಅಲ್ವಾ! ಬ್ಯಾಗಿಗೂ ತೂಕ ತುಂಬಿ ಬೆನ್ನಿಗೇರಿಸಿದರು. ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ, ಆಮೇಲೆ ಭುಜದ ಪಟ್ಟಿ ಎಳೆಯಬೇಕಂತೆ. ಹಾಗೆ ಮಾಡಿದ ಕೂಡಲೇ ಭುಜ ಹಗುರಾಯಿತು.

ದುಡ್ಡು ಜಾಸ್ತಿಯೇ ಆಯಿತು. ಆದರೂ ಈ ಎರಡಕ್ಕೆ ಕೊಡಬಹುದು ಅನ್ನಿಸಿದೆ. ಮಳೆಗಾಲ ಮುಗಿದ ಮೇಲೆ ಹೊರಡುತ್ತೇವೆ. ಅಷ್ಟರಲ್ಲಿ ಶೂ ಪಳಗಲಿ ಎಂದು ದಿನಾ ಹಾಕಿಕೊಂಡು ಓಡಾಡುತ್ತಿದ್ದೇನೆ.