ಸೀಸ ಸೇರಿದ ಮಣ್ಣಿಗೆ ಸಾಸಿವೆ, ಇಡಿಟಿಎ: ಎಷ್ಟು, ಯಾವಾಗ?

ಕೆಮ್ಮಣ್ಣು:
ಹಳೇ ಬ್ಯಾಟರಿ ಒಡೆಯುತ್ತಿದ್ದ ಜಾಗ, ಎರಡು ಗುಂಟೆ, ಕೆಂಪು ಮಣ್ಣು, ಪಿಎಚ್ 6.4. ಮೇಲಿನ 20 ಸೆಂ.ಮೀ.ನಲ್ಲಿ ಕೆ.ಜಿ.ಗೆ 500 ಮಿ.ಗ್ರಾಂ ಸೀಸ. ಸಾಸಿವೆ ಬೆಳೆದು ಇಡಿಟಿಎ (ಲೋಹವನ್ನು ಹಿಡಿದು ನೀರಿನಲ್ಲಿ ಕರಗಿಸುವ ರಾಸಾಯನಿಕ) ಕೊಟ್ಟರೆ ಗಿಡ ಸೀಸ ಎಳೆದುಕೊಳ್ಳುತ್ತದಂತೆ. ಎಷ್ಟು ಕೊಡಬೇಕು, ಯಾವ ಹಂತದಲ್ಲಿ? ಗೊಬ್ಬರದ ಅಂಗಡಿಯ ಚಿಲೇಟೆಡ್ ಜಿಂಕ್ ನಡೆಯುತ್ತದಾ?

ಬೇರುಬಿಳಲು:
ಚಿಲೇಟೆಡ್ ಜಿಂಕ್ ಬೇಡ. ಅದರಲ್ಲಿ ಇಡಿಟಿಎ ಆಗಲೇ ಸತುವನ್ನು ಹಿಡಿದುಕೊಂಡಿದೆ. ಸೀಸದ ಜೊತೆಗೆ ಸತುವಿನ ಹೊರೆಯನ್ನೂ ಮಣ್ಣಿಗೆ ಹೇರಿದಂತಾಗುತ್ತದೆ. ಬೇಕಾದ್ದು ಡೈಸೋಡಿಯಂ ಇಡಿಟಿಎ. ಸೋಡಿಯಂ ಇಲ್ಲದ ಆಮ್ಲರೂಪ ತಂದರೆ ನೀರಿನಲ್ಲಿ ಕರಗದೆ ತಳದಲ್ಲೇ ಕೂರುತ್ತದೆ.

ಪ್ರಯೋಗಗಳಲ್ಲಿ ಕೆ.ಜಿ. ಮಣ್ಣಿಗೆ 2.5ರಿಂದ 5 ಮಿಲಿಮೋಲ್ ಬಳಸುವುದು ವಾಡಿಕೆ. 5 ಮಿಲಿಮೋಲ್ ಅಂದರೆ 1.86 ಗ್ರಾಂ. ಬಿತ್ತನೆಗೆ ಕೊಟ್ಟರೆ ಸಸಿ ಸುಟ್ಟುಹೋಗುತ್ತದೆ. ಗಿಡ ಮೈತುಂಬಿಕೊಂಡು ಹೂ ಬಿಡುವ ಹೊತ್ತಿಗೆ, ಸುಮಾರು 45-50 ದಿನಕ್ಕೆ ಕೊಡಿ. ಕೆಲವೇ ದಿನಗಳಲ್ಲಿ ಎಲೆ ಬಾಡತೊಡಗುತ್ತದೆ, ಅದು ನಿರೀಕ್ಷಿತವೇ. ವಾರ, ಹತ್ತು ದಿನದೊಳಗೆ ಕೊಯ್ದುಬಿಡಿ. ಒಣಗಿ ಉದುರಿದ ಎಲೆಯ ಸೀಸ ಮತ್ತೆ ಮಣ್ಣಿಗೇ.

ಗುಂಟೆಲೆಕ್ಕ:
ಗ್ರಾಂ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುತ್ತದೆ, ಗುಂಟೆಗೆ ಹಾಕಿ ನೋಡಿ. ಒಂದು ಚ.ಮೀ.ಗೆ 20 ಸೆಂ.ಮೀ. ಆಳದವರೆಗೆ ಸುಮಾರು 260 ಕೆ.ಜಿ. ಮಣ್ಣು. 1.86 ಗ್ರಾಂನಂತೆ 484 ಗ್ರಾಂ ಇಡಿಟಿಎ. ಎರಡು ಗುಂಟೆಗೆ ಹತ್ತಿರ ಹತ್ತಿರ ಒಂದು ಕ್ವಿಂಟಲ್!

ಆ ಒಂದು ಚ.ಮೀ.ನಲ್ಲಿರುವ ಸೀಸ 130 ಗ್ರಾಂ. ಸಾಸಿವೆಯ ಒಣತೂಕ ಅರ್ಧ ಕೆ.ಜಿ., ಅದರಲ್ಲಿ ಕೆ.ಜಿ.ಗೆ 1000 ಮಿ.ಗ್ರಾಂ ಸೀಸ ಏರಿತು ಎನ್ನಿ, ಹೊರಗೆ ಬಂದದ್ದು ಅರ್ಧ ಗ್ರಾಂ. ಕುಂಡದಲ್ಲಿ ಒಣತೂಕದ ಶೇ. 1ಕ್ಕಿಂತ ಹೆಚ್ಚು ಸೀಸ ಏರಿಸಿದ ವರದಿಗಳಿವೆ, ಹೊಲದಲ್ಲಿ ಅದನ್ನು ನಂಬಿ ಕೂರಬಾರದು. ಇಡಿಟಿಎ ಮಣ್ಣಿನ ಸೀಸದಲ್ಲಿ ಹತ್ತನೇ ಒಂದು ಪಾಲನ್ನು ಸಡಿಲಿಸಿದರೂ 13 ಗ್ರಾಂ. ಗಿಡಕ್ಕೆ ಅರ್ಧ ಗ್ರಾಂ; ಮಿಕ್ಕ ಹನ್ನೆರಡೂವರೆ ಗ್ರಾಂ ಮಳೆ ಬಂದರೆ ಕೆಳಕ್ಕೆ. ಇಡಿಟಿಎ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ಪಕ್ಕದಲ್ಲಿ ಬಾವಿ, ಬೋರ್‌ವೆಲ್ ಇದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಕೆಮ್ಮಣ್ಣು:
ಇಡಿಟಿಎಯಂತೆಯೇ ಲೋಹ ಹಿಡಿಯುವ, ಆದರೆ ಬೇಗ ಕೊಳೆಯುವ ಇಡಿಡಿಎಸ್ ಹಾಕಿದರೆ?

ಬೇರುಬಿಳಲು:
ತಾಮ್ರವಾಗಿದ್ದರೆ ಹೂಂ ಅನ್ನುತ್ತಿದ್ದೆ. ತಾಮ್ರದ ಜೊತೆ ಅದರ ಬಂಧ ಇಡಿಟಿಎಯಷ್ಟೇ ಗಟ್ಟಿ (ಬಂಧದ ಬಲ ಹೇಳುವ ಅಂಕಿ ಲಾಗ್ ಕೆ ಎರಡಕ್ಕೂ ಸುಮಾರು 18; ಹೆಚ್ಚಿದ್ದಷ್ಟೂ ಗಟ್ಟಿ). ಸೀಸಕ್ಕೆ ಇಡಿಟಿಎ 18, ಇಡಿಡಿಎಸ್ 13ರ ಆಸುಪಾಸು. ಜೊತೆಗೆ ಕೆಂಪು ಮಣ್ಣಿನ ಕಬ್ಬಿಣವೂ ಪಾಲು ಕೇಳುತ್ತದೆ.

ಗುಂಟೆಲೆಕ್ಕ ಹೇಳಿದ್ದು ಸರಿ. ನೋಡಲೇಬೇಕೆಂದಿದ್ದರೆ 5 ಕೆ.ಜಿ. ಮಣ್ಣಿನ ಆರು ಕುಂಡ, ಅಡಿಯಲ್ಲಿ ತಟ್ಟೆ. ಮೂರಕ್ಕೆ ಇಡಿಟಿಎ, ಮೂರಕ್ಕೆ ಬರೀ ನೀರು. ಗಿಡದ ಜೊತೆ ತಟ್ಟೆಗಿಳಿದ ನೀರಿನ ಸೀಸವನ್ನೂ ಅಳೆಸಿ. ಎಲೆ ತೊಳೆದೇ ಪರೀಕ್ಷೆಗೆ ಕಳಿಸಿ. ಅಂಟಿದ ಧೂಳು ಅಂಕಿಯನ್ನು ಉಬ್ಬಿಸುತ್ತದೆ. ಕೊಯ್ದ ಗಿಡ ದನಕ್ಕೂ ಇಲ್ಲ, ಗೊಬ್ಬರದ ಗುಂಡಿಗೂ ಇಲ್ಲ, ಒಲೆಗೂ ಇಲ್ಲ. ಪರವಾನಗಿ ಇರುವ ಅಪಾಯಕಾರಿ ತ್ಯಾಜ್ಯ ಘಟಕಕ್ಕೇ ಹೋಗಬೇಕು.

ಗುಂಟೆಲೆಕ್ಕ:
ಇಷ್ಟು ಚಿಕ್ಕ ಜಾಗಕ್ಕೆ ಸೀಸವನ್ನು ಕದಲಿಸುವುದಕ್ಕಿಂತ ಕಟ್ಟಿಹಾಕುವುದೇ ಲೇಸು: ರಂಜಕ ಕೊಟ್ಟು ಕರಗದ ರೂಪಕ್ಕೆ ತಂದು, ಮೇಲೆ ದಟ್ಟ ಹುಲ್ಲು. ಆದರೆ ಬ್ಯಾಟರಿ ಜಾಗದಲ್ಲಿ ಆರ್ಸೆನಿಕ್ ಕೂಡ ಇರಬಹುದು, ರಂಜಕ ಅದನ್ನು ಸಡಿಲಿಸುತ್ತದೆ. ಮೊದಲು ಅದನ್ನು ಪರೀಕ್ಷೆ ಮಾಡಿಸಿ ಫಲಿತಾಂಶ ಇಲ್ಲಿ ಹಾಕಿ.