ಅಪ್‌ಡೇಟ್: ಪಾಲಾದ ಮೇಲೆ ಮಾತು ಬಿಟ್ಟಿದ್ದ ಅಣ್ಣ

ತೋಟ ಪಾಲಾದ ಮೇಲೆ ಅಣ್ಣ ಮಾತು ಬಿಟ್ಟಿದ್ದಾನೆ, ಏನು ಮಾಡಲಿ ಅಂತ ಬದಿಯಡ್ಕದಿಂದ ಕೇಳಿದ್ದೆನಲ್ವಾ? ಈಗ ಮಾತು ಶುರುವಾಗಿದೆ.

ವಾಟ್ಸಾಪಿನ ಉದ್ದ ಮೆಸೇಜಿಗೆ ಬರೀ ನೀಲಿ ಗೆರೆ ಬಂತು. ಸೋದರಮಾವನನ್ನು ಕಳಿಸಿದ್ದಂತೂ ಉಲ್ಟಾ ಹೊಡೆಯಿತು. ಕೆಲಸ ಮಾಡಿದ್ದು, ಸಣ್ಣ ಸಹಾಯ ಏನಾದರೂ ಕೇಳಿ ಅಂದವರ ಸಲಹೆ. ಮಳೆಗೆ ಮೊದಲು ಅಡಿಕೆಗೆ ಮದ್ದು, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ನೀರು, ಬಿಡಬೇಕಿತ್ತು. "ಅಣ್ಣ, ಮೈಲುತುತ್ತು ಸರಿ ಆಗಿದೆಯಾ, ಒಮ್ಮೆ ನೋಡ್ತೀಯಾ?" ಅಂತ ಫೋನ್ ಮಾಡಿದೆ. ಬಂದ. 100 ಲೀಟರಿಗೆ ಸುಣ್ಣ ಎಷ್ಟು ಅಂತ ಕೇಳಿದ. 1 ಕಿಲೋ ಅಂದೆ. ಕತ್ತಿ ಅದ್ದಿ ತೆಗೆದರೆ ತಾಮ್ರ ಅಂಟಿ ಅಲಗು ಕೆಂಪು. "ಸುಣ್ಣ ಸಾಲದು ಮಾರಾಯ" ಅಂದ.

ಆಮೇಲೆ ಚಾ ಕುಡಿಯುವಾಗ ಗೊತ್ತಾಯಿತು, ಬೇಸರ ಜಾಗದ್ದಲ್ಲವೇ ಅಲ್ಲ. ಅಮ್ಮ ಯಾರ ಮನೆಯಲ್ಲಿರಬೇಕು ಅಂತ ಯಾರೂ ಅವನನ್ನು ಕೇಳಲಿಲ್ಲವಂತೆ! ಈಗ ನವರಾತ್ರಿವರೆಗೆ ಅಮ್ಮ ಅಣ್ಣನ ಮನೆಯಲ್ಲೇ. ಅತ್ತಿಗೆಯದು ಮಾತ್ರ ಇನ್ನೂ ಗಂಟುಮುಖ. ಅದಕ್ಕೂ ಸಲಹೆ ಇದ್ದರೆ ಹೇಳಿ.