ಹರಿತ ಕರ್ಮಸೇನೆಯಲ್ಲಿ ಹೆಂಗಸರೇ ಇದ್ದಾರೆ, ಅಷ್ಟು ಬರೆದರೆ ಸಾಕಾ?

ಪ್ರಶ್ನೆ (ವಾರ್ಡ್ ಮೆಂಬರ್, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆ): ಮೇಡಂ, ನಮ್ಮ ಪಂಚಾಯತಿನ ಕಸ ಸಂಗ್ರಹ ಯೋಜನೆಯಿಂದ ಹೆಂಗಸರಿಗೆ ಎಷ್ಟು ನ್ಯಾಯ ಸಿಕ್ಕಿದೆ ಅಂತ ನೋಡಿ ವರದಿ ಬರೆಯಬೇಕು. ಮನೆ ಮನೆಗೆ ಹೋಗಿ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯಲ್ಲಿ ಇರುವವರು ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲ) ಹೆಂಗಸರೇ. ಇನ್ನೇನು ಬರೆಯಲಿ?

ಉತ್ತರ: ಅಕ್ಕಾ, ತಲೆ ಎಣಿಸಿದರೆ ದುಡಿಯುವವರು ಯಾರು ಅಂತ ಮಾತ್ರ ಗೊತ್ತಾಗುತ್ತದೆ. ಕೈಗೆ ಏನು ಸಿಗುತ್ತದೆ, ತೀರ್ಮಾನ ಯಾರದು ಅನ್ನುವುದು ಮುಖ್ಯ.

ದುಡ್ಡಿನಿಂದ ಶುರು ಮಾಡಿ. ಅವರ ಸಂಪಾದನೆ ಬಹುಪಾಲು ಯೂಸರ್ ಫೀಯದ್ದು, ಅಂದರೆ ಕಸ ಒಯ್ಯುವುದಕ್ಕೆ ಮನೆಯವರು ಕೊಡುವ ಹಣ; ಹಳ್ಳಿಯಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ. ಮನೆಯವರು ಕೊಡದಿದ್ದರೆ ನಷ್ಟ ಯಾರಿಗೆ? ಗುಡ್ಡದಲ್ಲಿ ದೂರ ದೂರ ಮನೆಗಳಿರುವ ವಾರ್ಡಿನಲ್ಲಿ ನಡೆಯುವುದು ಜಾಸ್ತಿ, ಸಿಗುವುದು ಕಡಿಮೆ. ಪಂಚಾಯತಿನ ಸರಾಸರಿಯಲ್ಲಿ ಇದು ಮುಚ್ಚಿಹೋಗುತ್ತದೆ. ಹಾಗಾಗಿ ಒಂದೊಂದು ವಾರ್ಡಿನ ಲೆಕ್ಕ ಬೇರೆಯಾಗಿ ಬರೆಯಿರಿ.

ಕಸ ತಂದು ಹಾಕುವ ಶೆಡ್ಡಿನಲ್ಲಿ ಶೌಚಾಲಯ, ನೀರು ಇದೆಯಾ? ಗಾಜು ತಾಗಿ ಗಾಯವಾದರೆ ಮದ್ದಿನ ಖರ್ಚು ಯಾರದು? ಫೀ, ರೂಟು, ರಜೆ ನಿಗದಿ ಮಾಡುವ ಸಭೆಗೆ ಅವರನ್ನು ಕರೆಯುತ್ತಾರಾ? ಕಾಗದಪತ್ರ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡ ಓದಿದವರಿಗೆ ಅರ್ಥವಾಗುತ್ತದಾ?

ಮನೆಯೊಳಗೂ ನೋಡಿ. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಕೊಡಬೇಕು, ಅಲ್ವಾ? ಆ ಕೆಲಸ ಯಾರ ಪಾಲಿಗೆ ಬಂತು ಅಂತ ಕೇಳಿ. ಸಂಬಳವಿಲ್ಲದ ಮನೆಗೆಲಸಕ್ಕೆ ಇದೂ ಒಂದು ಸೇರಿಕೊಂಡಿದೆ.

ಪ್ರಶ್ನೆ (ಇನ್ನೊಬ್ಬರು): ಊರು ಸ್ವಚ್ಛವಾಯಿತಲ್ಲ, ಪರಿಸರಕ್ಕೆ ಅಷ್ಟೇ ತಾನೇ ಬೇಕಿದ್ದದ್ದು?

ಉತ್ತರ: ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು ನೆನಪಿಸಿಕೊಳ್ಳಿ ಅಣ್ಣ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಆದೇಶಿಸಿತು. ಆದರೆ ಹಾಸಿಗೆ ಹಿಡಿದ ಮಕ್ಕಳಿಗಾಗಿ ಬೀಡಿ ಕೆಲಸ, ಕೂಲಿ ಬಿಟ್ಟ ತಾಯಂದಿರು ಎಷ್ಟು ಕಳಕೊಂಡರು ಅನ್ನುವುದು ಯಾವ ಲೆಕ್ಕದಲ್ಲಿದೆ? ವಿಷ ಸಿಂಪಡಿಸುವಾಗ ಲಾಭ ನಷ್ಟ ನೋಡಿದವರು ಅವರನ್ನು ಎಣಿಸಲೇ ಇಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಪರಿಸರದ ಯೋಜನೆಯಲ್ಲಿ ಈ ಪ್ರಶ್ನೆ ಮೊದಲೇ ಬರಬೇಕು.

ಪ್ರಶ್ನೆ (ವಾರ್ಡ್ ಮೆಂಬರ್): ಶೌಚಾಲಯಕ್ಕೆ ಫಂಡ್ ಇಲ್ಲ ಅಂದರೆ?

ಉತ್ತರ: ಕೇರಳದಲ್ಲಿ ಪಂಚಾಯತಿನ ಯೋಜನಾ ನಿಧಿಯ ಕನಿಷ್ಠ 10% ಮಹಿಳಾ ಘಟಕಕ್ಕೆ, ಅಂದರೆ ಹೆಂಗಸರಿಗಾಗಿಯೇ ಇರುವ ಯೋಜನೆಗಳಿಗೆ, ಇಡಬೇಕು. ಆ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಅಂತ ಗ್ರಾಮಸಭೆಯಲ್ಲೇ ಬರೆಸಿ. ಸಭೆ ಮಾತ್ರ ಅವರು ಕಸ ಎತ್ತಲು ಹೋಗುವ ಹೊತ್ತಿಗೆ ಇಡಬೇಡಿ.